‘ಪೋರ್ಟ್ ಮಾಡಿಕೊಡ್ತೀವಿ’ ಅನ್ನೋರಿಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಪೀಣ್ಯ, ಬೊಮ್ಮಸಂದ್ರ ಕಡೆ ಸಣ್ಣ ಯೂನಿಟ್ ನಡೆಸೋರು ದಯವಿಟ್ಟು ಪೂರ್ತಿ ಓದಿ. ಇಂಟೆಲ್ ಪಿಸಿಯಲ್ಲಿ ಓಡೋ ಸಾಫ್ಟ್‌ವೇರನ್ನ ಆರ್ಮ್ ಬೋರ್ಡಿಗೆ (ಇಂಟೆಲ್‌ಗಿಂತ ಬೇರೆ ತರದ ಪ್ರೊಸೆಸರ್ ಇರೋ ಬೋರ್ಡ್) ಹಾಕಿಕೊಡ್ತೀವಿ, ಅಂದ್ರೆ ಪೋರ್ಟ್ ಮಾಡಿಕೊಡ್ತೀವಿ ಅಂತ ಬಂದ ಒಂದು ತಂಡ ನಮ್ಮನ್ನ ಮುಳುಗಿಸಿದೆ.

ನಮ್ಮದು ಟೆಸ್ಟಿಂಗ್ ಮೆಷಿನ್ ಕೆಲಸ. ಸೆನ್ಸರ್ ರೀಡಿಂಗ್ ತಗೊಳ್ಳೋ ಪ್ರೋಗ್ರಾಂ ಸಿ ಭಾಷೆಯಲ್ಲಿದೆ, ಲಿನಕ್ಸ್ ಮೇಲೆ ಓಡುತ್ತೆ. ಅದು ರಾಸ್ಪ್‌ಬೆರಿ ಪೈ 4 ಅನ್ನೋ ಸಣ್ಣ ಆರ್ಮ್ ಬೋರ್ಡ್ ಮೇಲೆ ಓಡಬೇಕಿತ್ತು. ಸೋರ್ಸ್ ಕೋಡ್ ಪೂರ್ತಿ ಕೈಗೆ ಕೊಟ್ಟಿದ್ವಿ, ಅರ್ಧ ದುಡ್ಡೂ ಕೊಟ್ಟಿದ್ವಿ. ಅವರ ಆಫೀಸಲ್ಲಿ ಡೆಮೊ ಚೆನ್ನಾಗೇ ಆಯ್ತು. ನಮ್ಮಲ್ಲಿ ಎಲ್ಲಾ ಸೆನ್ಸರ್ ಜೋಡಿಸಿದ ಮೇಲೆ ಮಾತ್ರ ರೀಡಿಂಗ್ ತಡವರಿಸೋಕೆ ಶುರು.

ಅನುಮಾನ ಬಂದು ನಮ್ಮ ಹುಡುಗ ಅವರು ಕೊಟ್ಟ ಪ್ರೋಗ್ರಾಂ ಮೇಲೆ ‘ಫೈಲ್’ ಕಮಾಂಡ್ ಹಾಕಿದ, ಪ್ರೋಗ್ರಾಂ ಯಾವ ಪ್ರೊಸೆಸರ್‌ಗೆ ಮಾಡಿದ್ದು ಅಂತ ಅದು ಹೇಳುತ್ತೆ. ಬಂದ ಉತ್ತರ: ಎಕ್ಸ್86-64, ಅಂದ್ರೆ ಇಂಟೆಲ್ ಪಿಸಿಯದ್ದು. ಆರ್ಮ್ ಅಲ್ಲವೇ ಅಲ್ಲ! ನಮ್ಮ ಹಳೇ ಪ್ರೋಗ್ರಾಮನ್ನೇ ತಂದಿಟ್ಟು, ಕೆಳಗೆ ಕ್ಯೂಎಮು ಎಮ್ಯುಲೇಟರ್ ಕೂರಿಸಿದ್ದಾರೆ. ಒಂದೊಂದು ಇಂಟೆಲ್ ಸೂಚನೆಯನ್ನೂ ಓಡುವಾಗಲೇ ಆರ್ಮ್‌ಗೆ ಬದಲಾಯಿಸ್ತಾ ಹೋಗಬೇಕು, ನಿಧಾನ ಆಗದೆ ಇನ್ನೇನು? ಒಂದು ಸಾಲೂ ಮುಟ್ಟಿಲ್ಲ. ದುಡ್ಡು ತಗೊಂಡು ಒಂದೇ ಒಂದು ಸಾಲೂ ಮುಟ್ಟಿಲ್ಲ.

ಫೋನ್ ಮಾಡಿದ್ರೆ, “ಸಾರ್, ನಿಮಗೆ ಬೇಕಾಗಿದ್ದು ಓಡೋದು ತಾನೆ? ಓಡ್ತಾ ಇದೆಯಲ್ಲ.” ಹೊಟ್ಟೆ ಉರಿದುಹೋಯ್ತು. ಜೋರು ಮಾಡಿದ್ಮೇಲೆ, “ಪರ್ಚೇಸ್ ಆರ್ಡರಲ್ಲಿ (ಪಿಒ) ಕಂಪೈಲ್ ಮಾಡ್ಬೇಕು ಅಂತ ಎಲ್ಲಿ ಬರೆದಿದೆ ಸಾರ್?”

ಜಗಳ ಆಡಿದ್ಮೇಲೆ ಆರ್ಮ್‌ಗೇ ಕಂಪೈಲ್ ಮಾಡಿ, ಅಂದ್ರೆ ಸೋರ್ಸ್ ಕೋಡನ್ನ ಆ ಪ್ರೊಸೆಸರ್ ನೇರವಾಗಿ ಓಡಿಸೋ ಪ್ರೋಗ್ರಾಂ ಮಾಡಿ ಕಳಿಸಿದ್ರು. ಗಿರಾಕಿ ಎದುರಿಗೇ ಕೋಲ್ಡ್ ಚೇಂಬರ್ ಹಾಕಿದ್ವಿ. ಮೈನಸ್ 3 ತೋರಿಸಬೇಕಾದ ಕಡೆ 253 ಡಿಗ್ರಿ! ಗಿರಾಕಿ ನಮ್ಮ ಮುಖ ನೋಡ್ತಾರೆ, ನಾವು ನೆಲ ನೋಡ್ತೀವಿ. ಇವರ ಉತ್ತರ? “ನಿಮ್ಮ ಸೆನ್ಸರ್ ಹೋಗಿದೆ ಸಾರ್, ಚೇಂಜ್ ಮಾಡಿ.” ಅದೇ ಸೆನ್ಸರನ್ನ ಹಳೇ ಪಿಸಿಗೆ ಹಾಕಿದ್ರೆ ಸರಿಯಾಗಿ ಮೈನಸ್ 3.

ಕಾರಣ ಆಮೇಲೆ ನಮ್ಮ ಹುಡುಗನೇ ಹುಡುಕಿದ. ಸಿ ಭಾಷೆಯಲ್ಲಿ ಒಂದು ಬೈಟ್ ಹಿಡಿಯೋ ಜಾಗಕ್ಕೆ ಬರೀ ‘ಚಾರ್’ ಅಂತ ಬರೆದ್ರೆ, ಇಂಟೆಲ್ ಲಿನಕ್ಸಲ್ಲಿ ಅದು ಮೈನಸ್ ಸಂಖ್ಯೆ ಹಿಡಿಯುತ್ತೆ. ಆರ್ಮ್ ಲಿನಕ್ಸಲ್ಲಿ 0ರಿಂದ 255 ಮಾತ್ರ, ಅದಕ್ಕೇ ಮೈನಸ್ 3 ಹೋಗಿ 253 (256ರಲ್ಲಿ 3 ಕಳೆದ್ರೆ) ಆಗಿದ್ದು. ‘ಸೈನ್ಡ್ ಚಾರ್’ ಅಂತ ಬರೆದ ತಕ್ಷಣ ಸರಿಹೋಯ್ತು. ಪೋರ್ಟಿಂಗ್ ಮಾಡೋರಿಗೆ ಇದು ಮೊದಲ ಪಾಠ. ಇದೂ ಗೊತ್ತಿಲ್ದೆ ನಮ್ಮ ಸೆನ್ಸರ್ ಮೇಲೆ ಗೂಬೆ ಕೂರಿಸಿದ್ರು.

ಎಮ್ಯುಲೇಟರ್ ಇಲ್ದೆ, ಆರ್ಮ್‌ಗೇ ಕಂಪೈಲ್ ಆಗಿರಬೇಕು ಅಂತ ಪಿಒದಲ್ಲೇ ಬರೆಸಿ. ಡೆಮೊ ನಿಮ್ಮ ಜಾಗದಲ್ಲಿ, ನಿಮ್ಮ ಸೆನ್ಸರ್ ಹಾಕಿಸಿಯೇ ನೋಡಿ. ‘ಫೈಲ್’ ಕಮಾಂಡ್ ಅವರ ಎದುರಿಗೇ ಹಾಕಿ. ಬದಲಾಯಿಸಿದ ಸೋರ್ಸ್ ಕೈಗೆ ಬರೋವರೆಗೂ ಉಳಿದ ದುಡ್ಡು ಬಿಡಬೇಡಿ. ನಮ್ಮ ಬಾಕಿ ಅರ್ಧಕ್ಕೆ ಅವರು ಈಗಲೂ ಜಿಎಸ್‌ಟಿ ಸಮೇತ ಬಿಲ್ ಕಳಿಸ್ತಾನೇ ಇದ್ದಾರೆ. ಕೊಡಲ್ಲ.