ವೀಸಿಂಗ್ ಅಂತ ಎರಡು ವರ್ಷ ಕಳೆದ್ವಿ, ಲಂಗ್ ಟ್ರಾನ್ಸ್‌ಪ್ಲಾಂಟ್ ಟೀಮ್ ಹತ್ರ ಹೋಗೋಷ್ಟ್ರಲ್ಲಿ ತಡ ಆಗಿತ್ತು

ಮೊನ್ನೆ ಪಕ್ಕದ ಬ್ಲಾಕ್‌ನ ಆಂಟಿ ಒಬ್ರು ನಮ್ಮಮ್ಮನ ಥರಾನೇ ಒಣಕೆಮ್ಮು ಕೆಮ್ಮಿಕೊಂಡು, ಪ್ರತಿ ನಾಲ್ಕು ಮೆಟ್ಲಿಗೂ ನಿಂತು ಹತ್ತೋದು ನೋಡ್ದೆ, ಅದಕ್ಕೇ ಬರೀತಿದೀನಿ.

ಅಮ್ಮಂಗೆ ಆಗ 57. ನಮ್ಮನೇಲಿ ಬೀಡಿ ಸಿಗರೇಟ್ ಯಾರೂ ಮುಟ್ಟಿದೋರಲ್ಲ. ಕೆಮ್ಮು ಶುರುವಾದಾಗ ಹತ್ತಿರದ ಕ್ಲಿನಿಕ್‌ನಲ್ಲಿ ವೀಸಿಂಗ್ ಅಂತ ಇನ್‌ಹೇಲರ್ ಕೊಟ್ರು, ಆಮೇಲೆ ಇನ್ನೊಂದು ಇನ್‌ಹೇಲರ್, ಬೆಂಗ್ಳೂರು ಧೂಳು ಕಣಮ್ಮ ಅಂತ ಸಿರಪ್ಪು, ಹೀಗೇ ಎರಡು ವರ್ಷ. ಕೂತಿದ್ದಾಗ ಆಕ್ಸಿಮೀಟರ್ 95 ತೋರಿಸೋದು, ನಾವೂ ಪರವಾಗಿಲ್ಲ ಅಂದ್ಕೊಂಡ್ವಿ. ನಡೆಸಿ ನೋಡಿ ಅಂತ ಯಾರೂ ಹೇಳ್ಲಿಲ್ಲ. ಕೊನೆಗೆ ಬೇರೆ ಡಾಕ್ಟ್ರು ಕಾರಿಡಾರ್‌ನಲ್ಲಿ ಎರಡು ಸುತ್ತು ನಡೆಸಿದ್ರೆ 82ಕ್ಕೆ ಇಳೀತು. ಬೆರಳ ತುದಿ ದಪ್ಪಗಾಗಿ ಉಗುರು ಬಾಗಿತ್ತು, ಅದೂ ಶ್ವಾಸಕೋಶದ್ದೇ ಲಕ್ಷಣ ಇರಬಹುದು ಅಂತ ಅವತ್ತೇ ಗೊತ್ತಾಗಿದ್ದು.

ಎಚ್‌ಆರ್‌ಸಿಟಿ ಸ್ಕ್ಯಾನ್‌ನಲ್ಲಿ ಅಲ್ಲಲ್ಲಿ ಜೇನುಗೂಡಿನ ಥರ ತೂತು. ಐಎಲ್‌ಡಿ ಅನ್ನೋ ಶ್ವಾಸಕೋಶದ ಕಾಯಿಲೆ ಅಂದ್ರು, ಅಮ್ಮಂದು ಗಾಯ ಮಾಗಿದ ಕಲೆ ಥರ ಶ್ವಾಸಕೋಶ ಬಿಗೀತಾ ಹೋಗೋ ಬಗೆ. ಮನೆ ಹತ್ರ ಪಾರಿವಾಳ ಇದಾವಾ ಅಂತ ಕೇಳಿದ್ರು. ನಮ್ಮ ಬಾಲ್ಕನಿ ತುಂಬ ಅವೇ, ಅಮ್ಮ ದಿನಾ ಬೆಳಿಗ್ಗೆ ಹಿಕ್ಕೆ ಗುಡಿಸೋರು, ಮಾಸ್ಕೂ ಇಲ್ಲ ಏನೂ ಇಲ್ಲ. ಆ ಧೂಳು ಕೆಲವರ ಮೈಗೆ ಆಗಲ್ಲ, ಒಳಗೇ ಉರಿಯೂತ ಆಗ್ತಾ ಆಗ್ತಾ ಕಲೆ ಕಟ್ಟುತ್ತೆ, ಕಟ್ಟಿದ್ದು ವಾಪಸ್ ಮೆತ್ತಗಾಗಲ್ಲ. ಸ್ಟೀರಾಯ್ಡು, ನಿಂಟೆಡಾನಿಬ್ ಎಲ್ಲ ಕೊಟ್ರು, ನಿಂಟೆಡಾನಿಬ್ ಕಾಯಿಲೆ ವೇಗ ಕಮ್ಮಿ ಮಾಡುತ್ತೆ ಅಷ್ಟೆ.

ದೊಡ್ಡ ತಪ್ಪಾಗಿದ್ದು ಇದಾದ್ಮೇಲೆ. ಟ್ರಾನ್ಸ್‌ಪ್ಲಾಂಟ್ ಬಗ್ಗೆ ಕೇಳಿದ್ರೆ "ಅದೆಲ್ಲ ಕೊನೇ ಸ್ಟೇಜಿಗೆ, ಈಗ್ಲೇ ಯಾಕೆ" ಅಂದ್ರು, ನಾವೂ ಹೂಂ ಅಂದು ಬಂದ್ವಿ. ಹತ್ತು ತಿಂಗಳಾದ್ಮೇಲೆ ದಿನವಿಡೀ ಆಕ್ಸಿಜನ್, ತೂಕ 36 ಕೆಜಿ, ಬಾತ್‌ರೂಮಿಗೂ ಹಿಡ್ಕೊಂಡು ಹೋಗ್ಬೇಕು, ಆಗ ಟ್ರಾನ್ಸ್‌ಪ್ಲಾಂಟ್ ಟೀಮ್ ಹತ್ರ ಹೋದ್ವಿ. ಇಷ್ಟು ಸೊರಗಿರೋರು ಆಪರೇಷನ್ ತಡ್ಕೊಳಲ್ಲ, ಮೊದ್ಲೇ ಬರ್ಬೇಕಿತ್ತು ಅಂದ್ರು. ಆ ಮಾತು ಈಗ್ಲೂ ಕಿವೀಲಿದೆ.

ಕೊನೇ ಉಸಿರಲ್ಲಿರೋರಿಗೆ ಮಾಡೋ ಆಪರೇಷನ್ ಅಲ್ಲ ಇದು. ಔಷಧಿ ಕೈಲಾಗ್ದೆ ಇರ್ಬೇಕು, ಆದ್ರೆ ಎದೆ ಕೊಯ್ದು ಶ್ವಾಸಕೋಶ ಬದಲಾಯ್ಸಿದ್ರೆ ಚೇತರಿಸ್ಕೊಳೋ ಶಕ್ತಿನೂ ಉಳಿದಿರ್ಬೇಕು, ಆ ಮಧ್ಯದ ಸಮಯ ಕೈ ತಪ್ಪಿದ್ರೆ ಮುಗೀತು. ಐಎಲ್‌ಡಿ ಅಷ್ಟೇ ಅಲ್ಲ, ತೀವ್ರ ಸಿಒಪಿಡಿ (ಉಸಿರು ದಾರಿ ಕಿರಿದಾಗೋ ಕಾಯಿಲೆ), ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದ್ಲೇ ಬರೋ, ಕಫ ಗಟ್ಟಿಯಾಗೋ ಕಾಯಿಲೆ), ಶ್ವಾಸಕೋಶದ ಬಿಪಿ ಇರೋರಿಗೂ ಬೇಕಾಗ್ಬಹುದು. ಹೋಗಿ ತೋರಿಸಿದ ತಕ್ಷಣ ಕೊಯ್ಯಲ್ಲ, ಹೃದಯ, ಕಿಡ್ನಿ, ಕ್ಯಾನ್ಸರ್ ಎಲ್ಲ ಚೆಕ್ ಮಾಡಿ ಆಮೇಲೆ ಅಂಗಕ್ಕೆ ಕಾಯೋರ ಲಿಸ್ಟಿಗೆ ಹಾಕ್ತಾರೆ. ಹೆಚ್ಚಾಗಿ ಮೆದುಳು ಸತ್ತ ದಾನಿಯಿಂದ್ಲೇ ಸಿಗ್ಬೇಕು, ಬ್ಲಡ್ ಗ್ರೂಪ್ ಜೊತೆ ಎದೆ ಅಳತೆನೂ ಹೊಂದ್ಬೇಕು, ಅಮ್ಮನಂಥ ಕುಳ್ಳಗಿರೋರಿಗೆ ಎತ್ತರದ ಗಂಡಸಿನದು ಹಿಡಿಸೋದು ಕಷ್ಟ. ಆದ್ಮೇಲೂ ದೇಹ ಅದನ್ನ ತಿರಸ್ಕರಿಸದೇ ಇರ್ಲಿ ಅಂತ ಜೀವನಪೂರ್ತಿ ಮಾತ್ರೆ, ಇನ್‌ಫೆಕ್ಷನ್ ಭಯ. ಅಮ್ಮಂಗೆ ಅದೂ ಒಪ್ಪಿಗೆ ಇತ್ತು, ಆ ಟೀಮ್ ಹತ್ರ ಹೋಗೋಕೆ ನಮಗೇ ತಡ ಆಯ್ತು.

ಇನ್ನೊಂದು. ಆಸ್ಪತ್ರೆ ಕ್ಯಾಂಟೀನ್‌ನಲ್ಲಿ ಒಬ್ಬ ದುಡ್ಡು ಕೊಟ್ರೆ ಲಿಸ್ಟ್‌ನಲ್ಲಿ ಮೇಲೆ ಹಾಕಿಸ್ತೀನಿ ಅಂದ. ನಂಬ್ಬೇಡಿ, ಅಂಗಾಂಗ ವ್ಯಾಪಾರ 1994ರ ಕಾಯ್ದೆ ಪ್ರಕಾರ ಅಪರಾಧ, ನಮ್ಮ ರಾಜ್ಯದಲ್ಲಿ ಸತ್ತವರ ಅಂಗಾಂಗ ಹಂಚೋದು ಸರ್ಕಾರದ ಜೀವಸಾರ್ಥಕತೆ ಅನ್ನೋ ಸಂಸ್ಥೆ ಮೂಲಕ.

ನಿಮ್ಮನೇಲಿ ಯಾರಿಗಾದ್ರೂ ಇನ್‌ಹೇಲರ್ ಹಾಕಿದ್ರೂ ಒಣಕೆಮ್ಮು ಹೋಗ್ತಿಲ್ಲ ಅಂದ್ರೆ ಆರು ನಿಮಿಷ ನಡೆಸಿ ಆಕ್ಸಿಜನ್ ಸ್ಯಾಚುರೇಶನ್ ನೋಡಿ ಅಂತ ನೀವೇ ಡಾಕ್ಟರನ್ನ ಕೇಳಿ, ಪಾರಿವಾಳ ಇದ್ರೆ ಅದನ್ನೂ ಹೇಳಿ. ಹೀಗೆ ಕಲೆ ಕಟ್ಟೋ ಐಎಲ್‌ಡಿ ಅಂತ ಗೊತ್ತಾದ್ರೆ ಟ್ರಾನ್ಸ್‌ಪ್ಲಾಂಟ್ ಸೆಂಟರ್‌ಗೆ ರೆಫರಲ್ ಲೆಟರ್ ಅವತ್ತೇ ಬರೆಸ್ಕೊಳಿ.