ಕಳ್ಳ ಕಾಪಿಗೆ ಕಡಿವಾಣ ಹಾಕುವ ಪ್ಯಾಕ್ ಯಾವುದು? ದಿನದ ಡೇಟಾ, ಬರೀ ಫೈಬರ್, ಓಟಿಟಿ ಸೇರಿದ ಫೈಬರ್

ಡೇಟಾ ದುಬಾರಿಯಾದರೆ ಪೈರಸಿ ತಾನಾಗಿ ಕಡಿಮೆಯಾಗುತ್ತದೆ ಎನ್ನುವವರಿದ್ದಾರೆ. ಹಾಸನ ಪೇಟೆಯಲ್ಲೂ ಸಕಲೇಶಪುರದ ತೋಟದ ಮನೆಗಳಲ್ಲೂ ಮೂರು ಬಗೆಯ ಸಂಪರ್ಕ ಬಳಸಿ ನೋಡಿದರೆ ಕಾಣುವುದು ಇದಕ್ಕೆ ತದ್ವಿರುದ್ಧ. ಜಿಬಿ ಲೆಕ್ಕದ ಪ್ಯಾಕಿನ ಏಟು ಬೀಳುವುದು ಕಾಸು ಕೊಟ್ಟು ನೋಡುವವನಿಗೇ.

ಮೊದಲು ದಿನದ ಡೇಟಾ. 299 ರೂಪಾಯಿಗೆ 28 ದಿನ, ದಿನಕ್ಕೆ 1.5 ಜಿಬಿ ಅಂದರೆ ಒಟ್ಟು 42 ಜಿಬಿ. ಜಿಬಿಗೆ ಏಳು ರೂಪಾಯಿ ಚಿಲ್ಲರೆ. ನೆಟ್‌ಫ್ಲಿಕ್ಸ್ ಮಧ್ಯಮ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 0.7 ಜಿಬಿ ತಿನ್ನುತ್ತದೆ, ಎಚ್‌ಡಿಯಲ್ಲಿ 3 ಜಿಬಿವರೆಗೆ. ಎರಡೂವರೆ ಗಂಟೆಯ ಸಿನಿಮಾಕ್ಕೆ ಮಧ್ಯಮದಲ್ಲೇ 1.75 ಜಿಬಿ ಬೇಕು. ಕ್ಲೈಮ್ಯಾಕ್ಸಿಗೆ ಮುಂಚೆ ಕೋಟಾ ಮುಗಿದು, ವೇಗ 64 ಕೆಬಿಪಿಎಸ್‌ಗೆ ಇಳಿದು, ಪರದೆ ಮೇಲೆ ಚಕ್ರ ಸುತ್ತುತ್ತದೆ. ಅದೇ ಸಿನಿಮಾದ ಹಿಂಡಿದ ಕಳ್ಳ ಕಾಪಿ ಟೆಲಿಗ್ರಾಂನಲ್ಲಿ 400 ಎಂಬಿ, ಹೆಚ್ಚೆಂದರೆ 700. ಒಬ್ಬ ಇಳಿಸಿಕೊಂಡರೆ ಪೆನ್‌ಡ್ರೈವಿನಲ್ಲೋ, ನೆಟ್ ಇಲ್ಲದೆ ಫೋನಿಂದ ಫೋನಿಗೆ ಕಳಿಸುವ ಕ್ವಿಕ್ ಶೇರ್‌ನಲ್ಲೋ ತೋಟದ ಕಾರ್ಮಿಕರ ಲೈನ್ ಮನೆಯ ಅಷ್ಟೂ ಫೋನುಗಳಿಗೆ ಹೋಗುತ್ತದೆ. ಮೀಟರ್ ಓಡುವುದು ಒಂದೇ ಸಲ.

ಇನ್ನೊಂದು ಮುಖ್ಯ ಎಡವಟ್ಟು ಮಧ್ಯರಾತ್ರಿಯ ಗಡುವು. ರಾತ್ರಿ ಹನ್ನೊಂದಕ್ಕೆ 600 ಎಂಬಿ ಉಳಿದಿದ್ದರೆ ಹನ್ನೆರಡಕ್ಕೆ ಅದು ಮಾಯ. ಆ ಒಂದು ಗಂಟೆಯಲ್ಲಿ 600 ಎಂಬಿಯೊಳಗೆ ಮುಗಿಯುವ ಸರಕು ಯಾವುದೆಂದು ಟೆಲಿಗ್ರಾಂ ಬಳಸುವವರಿಗೆಲ್ಲ ಗೊತ್ತು. ಬಳಸುವವರೇ ತಮ್ಮತಮ್ಮಲ್ಲಿ ಫೈಲ್ ಹಂಚಿಕೊಳ್ಳುವ ಟೊರೆಂಟಿಗೆ ಮಾತ್ರ ಈ ಪ್ಯಾಕ್ ನಿಜವಾಗಿ ಕಡಿವಾಣ, ಏಕೆಂದರೆ ಅದು ಇಳಿಸುವಾಗಲೇ ಬೇರೆಯವರಿಗೆ ಏರಿಸುತ್ತಲೂ ಇರುತ್ತದೆ, ಅಪ್‌ಲೋಡೂ ಕೋಟಾದಿಂದಲೇ ಕಳೆಯುತ್ತದೆ. ಟೆಲಿಗ್ರಾಂಗೆ ಆ ಹೊರೆ ಇಲ್ಲ.

ಈ ಪ್ಯಾಕಿನಲ್ಲೇ ಇರಬೇಕಾದವರು ನೆಟ್‌ಫ್ಲಿಕ್ಸ್ ಆಪ್ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಬಳಕೆ ತೆರೆದು, ಆಟೋಮ್ಯಾಟಿಕ್ ಆಫ್ ಮಾಡಿ, ಸೇವ್ ಡೇಟಾ ಒತ್ತಲಿ. ಒಂದು ಜಿಬಿಗೆ ಸುಮಾರು ಆರು ಗಂಟೆ ಓಡುತ್ತದೆ. 149 ರೂಪಾಯಿಯ ಮೊಬೈಲ್ ಪ್ಲಾನ್ ಹೇಗೂ 480ಪಿ, ಫೋನಿನ ಪರದೆಗೆ ಸಾಕು. 349ರ 2 ಜಿಬಿ ಪ್ಯಾಕಿನ ಜತೆ ಬರುವ ಮಿತಿಯಿಲ್ಲದ 5ಜಿ ಹಾಸನದಲ್ಲಿ ಉಪಯೋಗಕ್ಕೆ ಬರುತ್ತದೆ. ತೋಟದ ದಾರಿಯಲ್ಲಿ ಫೋನು 4ಜಿಗೆ ಇಳಿದರೆ ಮತ್ತೆ ಅದೇ 2 ಜಿಬಿ.

ಬರೀ ಫೈಬರ್‌ನಲ್ಲಿ ಲೆಕ್ಕವೇ ಬೇರೆ. 30 ಎಂಬಿಪಿಎಸ್‌ನ 399 ರೂಪಾಯಿ ಪ್ಲಾನಿಗೆ 18% ಜಿಎಸ್‌ಟಿ ಸೇರಿ 471. ತಿಂಗಳಿಗೆ 3300 ಜಿಬಿ ಮಿತಿ. ಮನೆಮಂದಿಯೆಲ್ಲ ನೋಡಿದರೂ ಮುಟ್ಟುವುದಿಲ್ಲ. ನಾಲ್ಕು ಫೋನಿಗೆ 299ರ ಪ್ಯಾಕ್ ಹಾಕಿದರೆ 1196. ಫೈಬರ್ ತೆಗೆದುಕೊಂಡು ಫೋನುಗಳಿಗೆ ಕರೆಗೆಂದು 200ರ ಆಸುಪಾಸಿನ ಪ್ಯಾಕ್ ಹಾಕಿದರೆ 1271. ಎಪ್ಪತ್ತೈದು ರೂಪಾಯಿಗೆ ಕೋಟಾದ ಚಿಂತೆ ಹೋಗುತ್ತದೆ. ಆದರೆ ಪೈರಸಿ ಹೋಗುತ್ತದೆಯೇ? ಇಲ್ಲ. ಸಣ್ಣ ಕಾಪಿ ಹುಡುಕುವ ಅಗತ್ಯ ತಪ್ಪುತ್ತದೆ, ಅಷ್ಟೆ. ಓಟಿಟಿ ಚಂದಾ ಇಲ್ಲದ ಮನೆಯಲ್ಲಿ 700 ಎಂಬಿ ಬದಲು 4 ಜಿಬಿ ಫೈಲ್ ಇಳಿಯಲು ಶುರುವಾಗುತ್ತದೆ.

ಓಟಿಟಿ ಸೇರಿದ ಪ್ಲಾನ್ 888 ರೂಪಾಯಿ, ತೆರಿಗೆ ಸೇರಿ 1048. ನಿಜ ಹೇಳಬೇಕೆಂದರೆ ಬಿಡಿಬಿಡಿಯಾಗಿ ಕೊಂಡರೇ ಅಗ್ಗ: ಫೈಬರ್ 471, ನೆಟ್‌ಫ್ಲಿಕ್ಸ್ ಬೇಸಿಕ್ 199, ವರ್ಷಕ್ಕೆ 1499ರ ಪ್ರೈಮ್ ತಿಂಗಳಿಗೆ 125, ಒಟ್ಟು 795. ಆದರೂ ಪೈರಸಿ ತಗ್ಗಿಸುವುದರಲ್ಲಿ ಗೆಲ್ಲುವುದು ಈ ಪ್ಲಾನೇ. ಬಿಲ್ಲಿನಲ್ಲಿ ಆಗಲೇ ಕಟ್ಟಿಯಾಗಿದೆ, ಟಿವಿ ಹಾಕಿದರೆ ಸಿನಿಮಾ ಸಿಗುತ್ತದೆ ಎಂದಾದ ಮೇಲೆ ಥಿಯೇಟರ್ ಪ್ರಿಂಟ್ ಹುಡುಕುವ ತಾಪತ್ರಯ ಯಾರಿಗೆ ಬೇಕು? ಕೆಡುವುದು ಆಕ್ಟಿವೇಶನ್‌ನಲ್ಲಿ. ಸಂಪರ್ಕ ಅಪ್ಪನ ನಂಬರಿನಲ್ಲಿರುತ್ತದೆ, ಓಟಿಪಿ ಅಲ್ಲಿಗೆ ಹೋಗುತ್ತದೆ, ಅವರು ತೋಟದಲ್ಲಿರುತ್ತಾರೆ. ಕಂಪನಿಯ ಆಪ್‌ನಿಂದ ಒಂದೊಂದಾಗಿ ಜೋಡಿಸದೆ ಬಿಟ್ಟರೆ ಕಟ್ಟಿದ ದುಡ್ಡು ದಂಡ. ಬೇಸಿಕ್‌ನಲ್ಲಿ ಒಂದು ಹೊತ್ತಿಗೆ ಒಂದೇ ಪರದೆ ಎಂಬುದೂ ನೆನಪಿರಲಿ. ಬೇಕಾದ ಕನ್ನಡ ಸಿನಿಮಾ ಯಾವ ಓಟಿಟಿಗೂ ಬಂದಿರದಿದ್ದರಂತೂ ಯಾವ ದರವೂ ಉಪಯೋಗವಿಲ್ಲ.

ಪೈರಸಿ ಜಾಲತಾಣಗಳ ಡೇಟಾಕ್ಕೇ ಹೆಚ್ಚು ದರ ಹಾಕಿದರಾಯಿತಲ್ಲ ಎಂದರೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2016ರ ಫೆಬ್ರವರಿ 8ರ ನಿಯಮ ವಿಷಯ ನೋಡಿ ಬೇರೆ ಬೇರೆ ದರ ಹಾಕುವುದನ್ನೇ ನಿಷೇಧಿಸಿದೆ. ಥಿಯೇಟರಿನಲ್ಲಿ ಕದ್ದು ಚಿತ್ರಿಸುವವರಿಗೆ 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಡಿ ಮೂರು ತಿಂಗಳಿಂದ ಮೂರು ವರ್ಷ ಜೈಲು, ಕನಿಷ್ಠ 3 ಲಕ್ಷ ದಂಡ ಇದೆ.

ಸಕಲೇಶಪುರ, ಮೂಡಿಗೆರೆ ಕಡೆ ಫೈಬರ್ ಹಾಕಿಸುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಕೊಂಬೆ ಬಿದ್ದು ಕೇಬಲ್ ಬಾಗಿದರೆ ಅಥವಾ ತುಂಡಾದರೆ ಸಿಗ್ನಲ್ ಬರುತ್ತಿಲ್ಲವೆಂದು ತೋರಿಸುವ ಮೋಡೆಮ್‌ನ ಎಲ್‌ಓಎಸ್ ದೀಪ ಕೆಂಪಾಗುತ್ತದೆ. ಲೈನ್‌ಮ್ಯಾನ್ ಬಂದಾಗ ಕೇಬಲಿನ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇಡಿಸಿ, -27 ಡಿಬಿಎಂಗಿಂತ ಕೆಳಗಿದ್ದರೆ (-28, -29 ಹೀಗೆ) ಜೋಡಣೆ ಮತ್ತೆ ಮಾಡಿಸಿ. ಕರೆಂಟ್ ಹೋದಾಗ ಮೋಡೆಮ್ ಓಡಲು 12 ವೋಲ್ಟ್‌ನ ಮಿನಿ ಯುಪಿಎಸ್ ಸಾಕು, ಅಡಾಪ್ಟರಿನ ಮೇಲೆ ಬರೆದ ಆಂಪಿಯರ್‌ಗೆ ಹೊಂದುವಂಥದ್ದು ನೋಡಿ ತನ್ನಿ. ಲೈನ್ ಇರುವಾಗಲೇ ನಾಳಿನ ಸಿನಿಮಾವನ್ನು ಓಟಿಟಿ ಆಪ್‌ನೊಳಗೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್‌ಫ್ಲಿಕ್ಸ್‌ನಲ್ಲಿ ಕೆಲವು ಪ್ಲೇ ಒತ್ತಿದ 48 ಗಂಟೆಗೆ ಅವಧಿ ಮುಗಿಸುತ್ತವೆ, ಅದಕ್ಕೇ ಅರ್ಧ ನೋಡಿ ಭಾನುವಾರಕ್ಕೆ ಉಳಿಸಬೇಡಿ.