ಲೆಗ್ ಗಾರ್ಡ್ ಅಂಗಡಿಯಲ್ಲೋ, ಆನ್‌ಲೈನಿನಲ್ಲೋ: ಕಲಬುರಗಿಯಲ್ಲಿ ಎರಡನ್ನೂ ಕೊಂಡು ನೋಡಿದ ಮೇಲೆ

ಬೋಲ್ಟ್ ಹಾಕಿ ಗಾಡಿಗೆ ಬಿಗಿಯಬೇಕಾದ ಯಾವ ವಸ್ತುವನ್ನೂ ನಾನಿನ್ನು ಆನ್‌ಲೈನಿನಲ್ಲಿ ಕೊಳ್ಳುವುದಿಲ್ಲ. ಈ ತೀರ್ಮಾನಕ್ಕೆ ಬರಲು ಸುಮಾರು ಒಂದೂವರೆ ತಿಂಗಳು ಹಿಡಿಯಿತು, ಮತ್ತು ಅಷ್ಟೂ ದಿನ ನನ್ನ ಬೈಕು ಲೆಗ್ ಗಾರ್ಡ್ ಇಲ್ಲದೆಯೇ ಕಲಬುರಗಿಯಿಂದ ಶಹಾಬಾದ್ ದಾಟಿ ನಾನು ಪಾಠ ಮಾಡುವ ಊರಿನವರೆಗೆ ಓಡಾಡಿತು. ಆ ದಾರಿಯಲ್ಲಿ ಪರಸಿ ಕಲ್ಲು ಹೇರಿದ ಲಾರಿಗಳು, ಸಿಮೆಂಟ್ ಸಾಗಿಸುವ ಟ್ಯಾಂಕರುಗಳು ಹಗಲಿರುಳೂ ಓಡಾಡುತ್ತವೆ. ರಸ್ತೆಯ ಅಂಚಿನಲ್ಲಿ ಕಲ್ಲಿನ ಪುಡಿ ಬಿದ್ದಿರುತ್ತದೆ. ಫೆಬ್ರವರಿಯಲ್ಲಿ ಅದೇ ಪುಡಿಯ ಮೇಲೆ ಮುಂದಿನ ಗಾಲಿ ಜಾರಿ ನಾನು ಎಡಮಗ್ಗುಲಿಗೆ ಬಿದ್ದೆ. ಹಳೆಯ ಗಾರ್ಡ್ ಒಳಕ್ಕೆ ಬಾಗಿತು, ನನ್ನ ಕಾಲು ಉಳಿಯಿತು. ಆದ್ದರಿಂದ ಹೊಸ ಗಾರ್ಡ್ ಹಾಕಿಸುವುದು ನನಗೆ ಅಲಂಕಾರದ ಮಾತಾಗಿರಲಿಲ್ಲ.

ಸೂಪರ್ ಮಾರ್ಕೆಟ್ ಸುತ್ತಲಿನ ಬೈಕ್ ಸಾಮಾನಿನ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಕೂಡಿಸುವ ಕೂಲಿ ಸೇರಿ 1,350 ರೂಪಾಯಿ ಎಂದರು. ಫೋನಿನಲ್ಲಿ ಹುಡುಕಿದರೆ ನೋಡಲು ಅದೇ ರೀತಿಯದು 849 ರೂಪಾಯಿಗೆ ಸಿಗುತ್ತಿತ್ತು. ಐನೂರು ರೂಪಾಯಿ ವ್ಯತ್ಯಾಸವೆಂದರೆ ನನ್ನ ಗಾಡಿಗೆ ನಾಲ್ಕೈದು ದಿನದ ಪೆಟ್ರೋಲು. ಅಂಗಡಿಯವರಿಗೆ ‘ನೋಡೋಣ’ ಎಂದು ಹೇಳಿ ಮನೆಗೆ ಬಂದು ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. ಬೈಕಿನ ಹೆಸರು ಸರಿಯಾಗಿತ್ತು, ಅದರ ಕೆಳಗೆ ‘ಎಲ್ಲ ಮಾದರಿಗಳಿಗೂ ಹೊಂದುತ್ತದೆ’ ಎಂಬ ಸಾಲೂ ಇತ್ತು. ತೊಂದರೆ ಇದ್ದದ್ದು ಆ ಸಾಲಿನಲ್ಲಿಯೇ.

2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದಾಗ ಅನೇಕ ಬೈಕುಗಳು ಹೆಸರು ಹಾಗೆಯೇ ಇಟ್ಟುಕೊಂಡು ಒಳಗೆ ಬದಲಾದವು. ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂತು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗಾಗಿ ಸೈಲೆನ್ಸರಿನ ರೂಪ ಬದಲಾಯಿತು, ಕೆಲವು ಗಾಡಿಗಳಲ್ಲಿ ಫ್ರೇಮೂ ಬದಲಾಯಿತು. ನನ್ನ 125 ಸಿಸಿ ಬೈಕು 2021ರದು. ಬಂದ ಗಾರ್ಡ್ ಅದೇ ಹೆಸರಿನ ಹಳೆಯ ಗಾಡಿಯದು. ಪಾರ್ಸೆಲ್ ಬಂದಾಗ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸದಲ್ಲಿದ್ದುದರಿಂದ ಐದನೆಯ ದಿನ, ಭಾನುವಾರ, ನಮ್ಮ ಓಣಿಯ ಮೆಕ್ಯಾನಿಕ್ ಹತ್ತಿರ ಒಯ್ದೆ. ಮೇಲಿನ ಕ್ಲ್ಯಾಂಪ್ ಕುಳಿತಿತು. ಕೆಳಗಿನ ಬೋಲ್ಟಿನ ತೂತು ಮಾತ್ರ ಫ್ರೇಮಿನ ತೂತಿಗೆ ಒಂದು ಬೆರಳಿನಷ್ಟು ಕೆಳಗೆ ಬಂತು, ಬಲಗಡೆಯ ಕೊಳವೆ ಸೈಲೆನ್ಸರಿನ ಬೆಂಡ್ ಪೈಪಿಗೆ ತಾಗಿತು. ‘ಇದು ಹಳೀ ಗಾಡೀದ್ ಅದ ಸರ್, ನಿಮ್ಮ ಗಾಡಿಗಿ ಕೂಡಂಗಿಲ್ಲ. ಬಡದು ಕೂಡ್ಸಿದ್ರ ನಾಳಿ ಬಿದ್ದಾಗ ಫ್ರೇಮೇ ಬಗ್ತದ’ ಎಂದ ಆ ಹುಡುಗ, ಅರ್ಧ ತಾಸು ದುಡಿದದ್ದಕ್ಕೆ 150 ರೂಪಾಯಿ ತೆಗೆದುಕೊಂಡ. ಸುತ್ತಿಗೆ ಎತ್ತದೆ ನಿಜ ಹೇಳಿದ್ದಕ್ಕೆ ಆ ಹಣ ಕೊಟ್ಟದ್ದು ನನಗೆ ಭಾರವೆನಿಸಲಿಲ್ಲ.

ಹಿಂದಿರುಗಿಸಲು ಏಳು ದಿನಗಳ ಅವಕಾಶವಿತ್ತು, ಎರಡು ದಿನ ಉಳಿದಿದ್ದವು. ಅಂದೇ ಸಂಜೆ ಅರ್ಜಿ ಹಾಕಿದೆ. ಒಯ್ಯಲು ಬಂದ ಹುಡುಗ ತನ್ನ ಚೀಲಕ್ಕಿಂತ ಗಾರ್ಡ್ ದೊಡ್ಡದಿದೆ ಎಂದು ಹೇಳಿ ಹೊರಟುಹೋದ; ಸಂಜೆ ನನ್ನ ಫೋನಿಗೆ ‘ಗ್ರಾಹಕರು ಮನೆಯಲ್ಲಿರಲಿಲ್ಲ’ ಎಂಬ ಸಂದೇಶ ಬಂತು. ನಾನು ಅರ್ಧ ದಿನ ರಜೆ ಹಾಕಿ ಅವನಿಗಾಗಿಯೇ ಮನೆಯಲ್ಲಿ ಕುಳಿತಿದ್ದೆ. ಎರಡನೆಯ ಸಲ ಬಂದವನು ಮೂಲ ಡಬ್ಬಿ ಬೇಕೆಂದ. ಉಕ್ಕಿನ ಕೊಳವೆಯನ್ನು ತೆಳು ರಟ್ಟಿನಲ್ಲಿ ಸುತ್ತಿ ಕಳಿಸಿದ್ದರಿಂದ ಆ ರಟ್ಟು ನನ್ನ ಮನೆ ಮುಟ್ಟುವ ಹೊತ್ತಿಗೇ ಹರಿದಿತ್ತು, ಆದ್ದರಿಂದ ಪುಸ್ತಕದಂಗಡಿಯಿಂದ ಖಾಲಿ ರಟ್ಟಿನ ಡಬ್ಬಿಗಳನ್ನು ತಂದು, ಕತ್ತರಿಸಿ, ಟೇಪ್ ಸುತ್ತಿ ಹೊಸದೊಂದನ್ನು ಮಾಡಿದೆ. ಮೂರನೆಯ ಸಲ ಅದನ್ನು ಬಿಚ್ಚಿ ನೋಡಿ, ಕ್ಲ್ಯಾಂಪ್ ಕುಳಿತ ಜಾಗದಲ್ಲಿ ಬಣ್ಣ ಗೀಚಿದೆ, ಬಳಸಿದ ವಸ್ತುವನ್ನು ಒಯ್ಯಲಾಗದು ಎಂದರು. ಗಾಡಿಗೆ ಇಟ್ಟು ನೋಡದೆ ಗಾರ್ಡ್ ಹೊಂದುತ್ತದೋ ಇಲ್ಲವೋ ತಿಳಿಯುವ ದಾರಿಯಿಲ್ಲ, ಇಟ್ಟು ನೋಡಿದರೆ ಬಣ್ಣ ಗೀಚದೆ ಇರುವುದಿಲ್ಲ. ಹೀಗಿರುವಾಗ ಇಂಥ ವಸ್ತುವಿಗೆ ಹಿಂದಿರುಗಿಸುವ ಸೌಲಭ್ಯವಿದೆ ಎಂದು ಬರೆಯುವುದೇ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೊನೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಿನ ವಿವರಣೆಗೆ ಹೊಂದದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಆ ‘ಎಲ್ಲ ಮಾದರಿಗಳಿಗೂ’ ಎಂಬ ಸಾಲಿನ ಚಿತ್ರವನ್ನು ಮೊದಲೇ ಫೋನಿನಲ್ಲಿ ಉಳಿಸಿಕೊಂಡಿದ್ದೆ, ಅದೇ ನನ್ನನ್ನು ಕಾಪಾಡಿತು. ಒಟ್ಟು 26 ದಿನಗಳ ನಂತರ 849 ರೂಪಾಯಿ ಮರಳಿತು; ಸಾಗಣೆಯ 49 ರೂಪಾಯಿ ಮರಳಲಿಲ್ಲ. ಮೆಕ್ಯಾನಿಕ್ಕಿಗೆ ಕೊಟ್ಟ 150 ರೂಪಾಯಿಯೂ ಅರ್ಧ ದಿನದ ರಜೆಯೂ ನನ್ನ ಲೆಕ್ಕಕ್ಕೇ ಹೋದವು. ಆನ್‌ಲೈನಿನಲ್ಲಿ ಏನೇ ಕೊಳ್ಳುವವರು ಆರ್ಡರ್ ಮಾಡುವ ಮುನ್ನ ವಿವರಣೆಯ ಪುಟದ ಚಿತ್ರವನ್ನು ಉಳಿಸಿಕೊಳ್ಳಿ, ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಕೊಳ್ಳಿ.

ಆಮೇಲೆ ಅದೇ ಸೂಪರ್ ಮಾರ್ಕೆಟಿನ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ಆರ್‌ಸಿ ಕೇಳಿ ಗಾಡಿ ತಯಾರಾದ ತಿಂಗಳು ಮತ್ತು ವರ್ಷ ನೋಡಿದರು, ಆಮೇಲೆ ಒಳಗಿನಿಂದ ಎರಡು ಗಾರ್ಡ್ ತಂದು ನನ್ನ ಗಾಡಿಗೆ ಹಿಡಿದು ತೋರಿಸಿದರು. ಮೊದಲನೆಯದು ಬೆಂಡ್ ಪೈಪಿಗೆ ಹತ್ತಿರ ಬಂದದ್ದರಿಂದ ಅವರೇ ಅದನ್ನು ಬದಿಗಿಟ್ಟರು. ಎರಡನೆಯದನ್ನು ಕೂಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. 1,350ರಲ್ಲಿ ಅಂದು 700 ಕೊಟ್ಟು, ಉಳಿದದ್ದನ್ನು ಸಂಬಳವಾದ ಮೇಲೆ ಕೊಟ್ಟೆ. ತಿಂಗಳ ಕೊನೆಯಲ್ಲಿ ಖರ್ಚು ಬಿದ್ದಾಗ ಮುಖ ನೋಡಿ ಉದ್ರಿ ಕೊಡುವವರು ಇರುವುದು ನನ್ನಂಥವರಿಗೆ ಬಹಳ ದೊಡ್ಡ ಅನುಕೂಲ.

ಹಾಗೆಂದು ಅಂಗಡಿಯವರ ಕಡೆ ತಪ್ಪಿಲ್ಲವೆಂದು ನಾನು ಹೇಳಲಾರೆ. ಕೇಳದ ಹೊರತು ಬಿಲ್ ಕೊಡುವುದಿಲ್ಲ, ಬೆಲೆ ಕೇಳುವವರನ್ನು ನೋಡಿ ಬದಲಾಗುತ್ತದೆ, ಜಿಎಸ್‌ಟಿ ಬಿಲ್ ಬೇಕೆಂದರೆ ಕೆಲವರ ಮುಖ ಬದಲಾಗುತ್ತದೆ. ಎರಡು ವರ್ಷದ ಕೆಳಗೆ ಹೆಚ್ಚುವರಿ ಎಲ್‌ಇಡಿ ಲೈಟ್ ಹಾಕಿಸಲು ಹೋದಾಗ ಮತ್ತೊಂದು ಅಂಗಡಿಯ ಹುಡುಗ ನೇರವಾಗಿ ಗಾಡಿಯ ಮೂಲ ವೈರಿಗೆ ಕತ್ತರಿ ಹಾಕಲು ಹೊರಟಿದ್ದ. ವಾರಂಟಿ ಇರುವ ಗಾಡಿಯಲ್ಲಿ ಮೂಲ ವೈರಿಂಗ್ ಕತ್ತರಿಸಿದರೆ ಮುಂದೆ ಅದರಲ್ಲಿ ಏನು ಕೆಟ್ಟರೂ ಶೋರೂಮಿನವರಿಗೆ ಇಲ್ಲವೆನ್ನಲು ಕಾರಣ ಸಿಗುತ್ತದೆ. ನಾನು ತಡೆದು, ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ಬೇರೆ ವೈರ್ ಎಳೆಸಿದೆ. ತಲಾ 20 ವ್ಯಾಟಿನ ಎರಡು ಲೈಟುಗಳು 12 ವೋಲ್ಟಿನಲ್ಲಿ ಮೂರು ಆಂಪಿಯರಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. ರಿಲೇ ಇದ್ದರೆ ಆ ಭಾರ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಆನ್‌ಲೈನಿನಲ್ಲಿ ತರಿಸಿ, ಜೊತೆಗೆ ಬಂದ ತೆಳು ವೈರು ಮತ್ತು ಪುಟ್ಟ ಸ್ವಿಚ್ಚಿನಲ್ಲೇ, ರಿಲೇ ಇಲ್ಲದೆ, ಹಾಕಿಸಿದ್ದರು. ಮೇ ತಿಂಗಳ ಬಿಸಿಲಿನಲ್ಲಿ ಮೊದಲೇ ಕಾದಿದ್ದ ಆ ಸ್ವಿಚ್ಚು ಎರಡು ವಾರದಲ್ಲಿ ಕರಗಿತು.

ಹೆಲ್ಮೆಟ್ ಅಂಗಡಿಯಲ್ಲೇ ಕೊಳ್ಳಬೇಕು, ತಲೆಗೆ ಹಾಕಿ ಪಟ್ಟಿ ಕಟ್ಟಿ ಅಲ್ಲಾಡಿಸಿ ನೋಡಿ ಕೊಳ್ಳಬೇಕು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲವಾದರೂ ರಸ್ತೆಬದಿಯ ರಾಶಿಯಲ್ಲಿ ಅಂಟಿಸಿದ ಸ್ಟಿಕರುಗಳು ಇಂದಿಗೂ ಕಾಣುತ್ತವೆ. ಗುರುತಿನ ಮೇಲೆ ಹೆಲ್ಮೆಟ್ಟಿನ ಮಾನದಂಡದ ಸಂಖ್ಯೆಯಾದ ಐಎಸ್ 4151 ಎಂಬುದೂ ಕೆಳಗೆ ಲೈಸೆನ್ಸ್ ಸಂಖ್ಯೆಯೂ ಇರಬೇಕು, ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು.

ಮಡ್ ಫ್ಲ್ಯಾಪ್ ವಿಷಯದಲ್ಲೂ ಅಂಗಡಿಯವರ ಮಾತೇ ನನಗೆ ಸರಿ ಕಂಡಿತು. ನಮ್ಮ ಶಾಲೆಯ ದಾರಿಯ ಕೊನೆಯ ಎರಡು ಕಿಲೋಮೀಟರು ತೊಗರಿ ಹೊಲಗಳ ನಡುವಿನ ಎರೆ ಹಾದಿ. ಮಳೆ ಬಂದರೆ ಎರೆ ಮಣ್ಣು ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆನ್‌ಲೈನಿನಲ್ಲಿ ಸಿಗುವ, ಟೈರಿಗೆ ಹತ್ತಿರ ಕೂಡುವ ಚೆಂದದ ಫ್ಲ್ಯಾಪುಗಳು ಡಾಂಬರು ರಸ್ತೆಗೆ ಸರಿ. ನಮ್ಮ ಎರೆಗೆ ಟೈರಿನಿಂದ ದೂರ ನಿಲ್ಲುವ ಸಾದಾ ರಬ್ಬರಿನದೇ ಬೇಕೆಂದು ಹೇಳಿದವರು ಅಂಗಡಿಯವರು, ಮತ್ತು ಅದು ನೂರು ರೂಪಾಯಿ ಅಗ್ಗವೂ ಆಗಿತ್ತು.

ಕೈಗವಸು, ರೇನ್‌ಕೋಟ್, ಚೈನ್ ಲ್ಯೂಬ್, ಬೈಕ್ ಮೇಲೆ ಹೊದಿಸುವ ಕವರ್ ಇವುಗಳಲ್ಲಿ ಆನ್‌ಲೈನ್ ಅಗ್ಗ, ಆಯ್ಕೆಯೂ ಹೆಚ್ಚು. ನಾನು ಈಗಲೂ ಅಲ್ಲಿಂದಲೇ ತರಿಸುತ್ತೇನೆ. ಮೊಬೈಲ್ ಹೋಲ್ಡರ್ ಕೂಡ ಅಲ್ಲಿಂದಲೇ ಬಂದದ್ದು, ಎರಡು ವರ್ಷದಿಂದ ಗಟ್ಟಿಯಾಗಿದೆ.

ತಿಂಗಳಿಗೆ ಗಾಡಿಯ ಖರ್ಚಿಗೆಂದು ನಾನು ತೆಗೆದಿಡುವುದು ಮೂರು ಸಾವಿರ, ಅದರಲ್ಲಿ ಹೆಚ್ಚಿನ ಪಾಲು ಪೆಟ್ರೋಲಿಗೇ ಹೋಗುತ್ತದೆ. ಇಷ್ಟು ಬಿಗಿಯಾದ ಲೆಕ್ಕದಲ್ಲಿ ಅಗ್ಗದ ವಸ್ತುವೇ ಸರಿ ಎಂದು ನಾನೂ ನಂಬಿದ್ದೆ. ದಿನಕ್ಕೆ ಎಪ್ಪತ್ತು ಕಿಲೋಮೀಟರು ಓಡಿಸದವರಿಗೆ, ಸ್ವತಃ ಪಾನಾ ಹಿಡಿದು ಗಾಡಿ ಬಿಚ್ಚಬಲ್ಲವರಿಗೆ, ಪಾರ್ಸೆಲ್ ಒಯ್ಯಲು ಬರುವವರಿಗಾಗಿ ಮನೆಯಲ್ಲಿ ಕಾಯಲು ಪುರುಸೊತ್ತು ಇರುವವರಿಗೆ ಆ ಐನೂರು ರೂಪಾಯಿ ನಿಜವಾಗಿಯೂ ಉಳಿಯಬಹುದು. ನನಗೆ ಉಳಿಯಲಿಲ್ಲ.

ಗಾರ್ಡ್ ಹಾಕಿಸಿದ ದಿನ ಅಂಗಡಿಯವರು ಐನೂರು ಕಿಲೋಮೀಟರು ಓಡಿದ ಮೇಲೆ ಒಮ್ಮೆ ಬಂದು ಬೋಲ್ಟುಗಳನ್ನು ಬಿಗಿಸಿಕೊಂಡು ಹೋಗಲು ಹೇಳಿದ್ದರು. ಹೊಸ ಕ್ಲ್ಯಾಂಪ್ ಮೊದಲ ಕೆಲವು ದಿನಗಳ ಅದುರಾಟಕ್ಕೆ ಸ್ವಲ್ಪ ಸಡಿಲಾಗುತ್ತದಂತೆ. ಕಳೆದ ಶನಿವಾರ ಶಾಲೆ ಮುಗಿಸಿಕೊಂಡು ಅಲ್ಲಿಗೆ ಹೋದೆ. ಕೆಳಗಿನ ಬೋಲ್ಟು ಕಾಲು ಸುತ್ತು ತಿರುಗಿತು, ಮೇಲಿನದು ಅಲುಗಲಿಲ್ಲ. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.